ಪರಿಶುದ್ಧ ಆವಿ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಬೇರೇನನ್ನೋ ಬರೆದು ಕಳಿಸಿಬಿಟ್ಟಿದ್ದೇನೆ. ಬೀದಿನಾಯಿಗಳ ಬಗ್ಗೆ ಬರೆದೆ. ಟೊಮೆಟೊ ಬಗ್ಗೆ ಬರೆದೆ. ಸೊಳ್ಳೆಬತ್ತಿಯ ಬಗ್ಗೆ ಒಂದು ಪೂರ್ತಿ ಅಂಕಣ ಬರೆದೆ (ನೀವು ಪಾಪ, ಅದನ್ನೂ ಓದಿದಿರಿ). ಕಳೆದ ವಾರ ಕಂಬಳಿಯೊಳಗೆ ಸಿಕ್ಕಿಬಿದ್ದೆ. ಇನ್ನು ಮುಂದೂಡಲು ಜಾಗವಿಲ್ಲ.

ಆಗಿದ್ದಿಷ್ಟು. ಎದೆಯಲ್ಲಿ ಕಫ ಕಟ್ಟಿ ಮಾತೇ ಹೊರಡುತ್ತಿರಲಿಲ್ಲ. ಹೆಂಡತಿ ಪಾತ್ರೆ ತುಂಬ ಕುದಿಯುವ ನೀರಿಗೆ ನೀಲಗಿರಿ ಎಣ್ಣೆ ಹಾಕಿ, ನನ್ನ ತಲೆಯ ಮೇಲೆ ಕಂಬಳಿ ಹೊದಿಸಿ, "ಅಲ್ಲಾಡ್ದಂಗೆ ಕುಂತ್ಕಳ್ರೀ" ಎಂದು ಒಳಗೆ ಹೋದಳು. ಅದೇ ಹೊತ್ತಿಗೆ ನಮ್ಮ ಸಭೆಯ ಪಾಸ್ಟರ್ ಬಂದರು. ತಿರುನೆಲ್ವೇಲಿ ಕಡೆಯವರು, ಕನ್ನಡ ಇನ್ನೂ ಕಲಿಯುತ್ತಿದ್ದಾರೆ.

"ಅಯ್ಯಾ, ಆವಿ ಪಿಡಿಕ್ಕಿರೀಂಗಳಾ?" ಎಂದರು.

ಆವಿ ತಗೋತಿದ್ದೀರಾ ಎಂದು ಕೇಳಿದರು, ಅಷ್ಟೇ. ಆದರೆ ಕಂಬಳಿಯೊಳಗೆ ನನಗೆ ಬೆವರು ಕಿತ್ತುಕೊಂಡಿತು (ಅರ್ಧ ಬಿಸಿನೀರಿನಿಂದ, ಅರ್ಧ ಆ ಮಾತಿನಿಂದ).

ನಾನು ಕೋಲಾರದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ, ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಬಂದೆ. ಊರಿನ ಚರ್ಚಿನಲ್ಲಿ 'ತಂದೆ, ಮಗ, ಪವಿತ್ರಾತ್ಮ' ಎಂದು ಕಲಿತವನು. ಇಲ್ಲಿ ಸಿಕ್ಕಿದ್ದು ತಮಿಳು ಸಭೆ. ಇವರು 'ಪಿದಾ, ಕುಮಾರನ್, ಪರಿಶುದ್ಧ ಆವಿ' ಅಂದರು.

ಆವಿ! ತಮಿಳಿನಲ್ಲಿ ಆವಿ ಎಂದರೆ ಆತ್ಮವೂ ಹೌದು, ಪ್ರಾಣವೂ ಹೌದು, ದೆವ್ವವೂ ಹೌದು. ಅದೆಲ್ಲ ಆಮೇಲೆ ತಿಳಿದದ್ದು. ಆವತ್ತು ನನಗೆ ಗೊತ್ತಿದ್ದ ಆವಿ ಒಂದೇ. ಇಡೀ ಶಿಫ್ಟು ಅದರ ಜೊತೆಗೇ ಕಳೆಯುತ್ತಿದ್ದೆ. ಅಬ್ಬಾ, ದೇವರು ನಮ್ಮ ಡಿಪಾರ್ಟ್‌ಮೆಂಟಿನವನೇ ಎಂದು ಸಂತೋಷವಾಯಿತು.

ಆಮೇಲೆ ಎಲ್ಲವೂ ತಾನಾಗಿ ಕೂತುಕೊಂಡಿತು. ಪಾಪ ಎಂದರೆ ಬಾಯ್ಲರ್ ಟ್ಯೂಬಿಗೆ ಕಟ್ಟುವ ಉಪ್ಪಿನ ಪದರ. ನ್ಯಾಯತೀರ್ಪಿನ ದಿನ ಎಂದರೆ ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಷನ್. ಬೆಂಕಿ ಆರಿಸಿ, ತಣ್ಣಗೆ ಮಾಡಿ, ಮುಚ್ಚಳ ಬಿಚ್ಚಿ, ಒಳಗೆ ಟಾರ್ಚ್ ಬಿಡುತ್ತಾರೆ (ಇದು ತಪ್ಪು ಎಂದು ನನಗೆ ಈಗಲೂ ಅನ್ನಿಸಿಲ್ಲ). ಯಾರಾದರೂ ಕೂಗಿ ಪ್ರಾರ್ಥಿಸಿದರೆ ಮನಸ್ಸಿನಲ್ಲೇ ಪ್ರೆಶರ್ ಗೇಜ್ ನೋಡುತ್ತಿದ್ದೆ. ಆರು ಕೆಜಿ. ಏಳು ಕೆಜಿ. ಕಣ್ಣೀರು ಬಂತೇ? ಸೇಫ್ಟಿ ವಾಲ್ವ್ ಬಿಟ್ಟಿತು, ದೇವರಿಗೆ ಸ್ತೋತ್ರ!

ನಗಬೇಡಿ. ನೀವೇನು ಕಮ್ಮಿಯೇ? ಜವಳಗಿರಿಯಲ್ಲಿ ರಾಗಿ ಬೆಳೆಯುವ ನನ್ನ ಷಡ್ಡಕನ ದೇವರು ಆನೆಯಂತೆ. "ಬರೋದು ಗೊತ್ತಾಗಕಿಲ್ಲ ಕಣಣ್ಣ, ಬಂದು ಹೋಗಿದ್ದು ಗೊತ್ತಾಯ್ತದೆ" ಅನ್ನುತ್ತಾನೆ. ನಮ್ಮ ಸಭೆಯ ರಿಟೈರ್ಡ್ ಹೆಡ್‌ಮಾಸ್ಟರರ ದೇವರು ಪರೀಕ್ಷೆಯ ಕೋಣೆಯಲ್ಲಿ ಓಡಾಡುತ್ತಾನೆ, ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ಮೂವರೂ ಓದಿದ್ದು ಒಂದೇ ಬೈಬಲ್. ಕನ್ನಡಕ ಮಾತ್ರ ಅವರವರ ಡ್ಯೂಟಿಯದು.

ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನನ್ನನ್ನು ಸಭೆಯ ಹಿರಿಯನನ್ನಾಗಿ ಆರಿಸಿಬಿಟ್ಟರು.

ಕಾಯಿಲೆಯವರ ಮನೆಗಳಿಗೆ ಹೋಗಿ ಪ್ರಾರ್ಥಿಸಲು ಒಬ್ಬ ಹೆಂಗಸು ಬೇಕಾಗಿತ್ತು. ಎಲ್ಲರೂ ಒಬ್ಬ ಅಕ್ಕನನ್ನು ತೋರಿಸಿದರು. ಆ ಅಕ್ಕನಿಗೂ ಆ ಕೆಲಸದ ಮೇಲೆ ತುಂಬ ಆಸೆಯಿತ್ತು. ಗಂಡ ಹಾಸಿಗೆ ಹಿಡಿದು ತೀರಿಕೊಂಡಾಗ ಅವರ ಬಾಗಿಲಿಗೆ ಪ್ರಾರ್ಥಿಸಲು ಒಬ್ಬರೂ ಹೋಗಿರಲಿಲ್ಲ (ನಾನೂ ಹೋಗಿರಲಿಲ್ಲ, ನೈಟ್ ಶಿಫ್ಟ್ ಎಂದಿದ್ದೆ). ಆದರೆ ಅವರು ಪ್ರಾರ್ಥಿಸುವಾಗ ತುಟಿಯೂ ಅಲ್ಲಾಡುತ್ತಿರಲಿಲ್ಲ. ನನ್ನ ಗೇಜಿನಲ್ಲಿ ಸೊನ್ನೆ.

ನಾನು ಎದ್ದು ನಿಂತು, ಕಲಿತಷ್ಟು ತಮಿಳಿನಲ್ಲಿ ಘೋಷಿಸಿದೆ: "ಅವಂಗಳುಕ್ಕು ಆವಿ ಇಲ್ಲೆ."

ಪ್ರೆಶರ್ ಸಾಲದು ಎಂಬುದು ನನ್ನ ಅರ್ಥ. ಸಭೆಗೆ ಕೇಳಿಸಿದ್ದು ಬೇರೆ. ಇವರಲ್ಲಿ ದೇವರ ಆತ್ಮವಿಲ್ಲ. ಇಲ್ಲವೇ, ಇವರಿಗೆ ಜೀವವೇ ಇಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬ ತನ್ನ ಪಕ್ಕದವನಿಗೆ, "ಹಂಗಾರೆ ಅಲ್ಲಿ ಕುಂತಿರೋದು ಯಾರ್ಲಾ, ಪ್ರೇತವಾ?" ಅಂದ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಗಿನ ಪಾಸ್ಟರ್ ಬೈಬಲ್ ಅಡ್ಡ ಹಿಡಿದುಕೊಂಡು ನಕ್ಕರು.

ಆ ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದರು. ಚಪ್ಪಲಿ ಬಿಡುವ ಬಾಗಿಲ ಹತ್ತಿರದ ಕೊನೇ ಬೆಂಚಿಗೆ ಹೋಗಿ ಕೂತರು. ಇವತ್ತಿಗೂ ಅಲ್ಲೇ ಕೂರುತ್ತಾರೆ. ಕೆಲಸ ಜೋರು ದನಿಯ ಇನ್ನೊಬ್ಬರಿಗೆ ಹೋಯಿತು (ಅವರು ಪ್ರಾರ್ಥಿಸಿದರೆ ಕಾಯಿಲೆಯವರ ಬಿ.ಪಿ. ಏರುತ್ತಿತ್ತು). ಬೀದಿಯಲ್ಲಿ ಆ ಅಕ್ಕನನ್ನು ಕಂಡವರು, "ಏನಕ್ಕ, ಕುಕ್ಕರ್ ಕೂಗ್ತಾ?" ಎಂದು ಕೇಳುವುದು ಶುರುವಾಯಿತು.

ನನ್ನ ಮಾತಿನ ಅರ್ಥ ನನಗೇ ತಿಳಿದ ಮೇಲೂ ಬಾಯಿ ಬಿಡಲಿಲ್ಲ. ಭಾಷೆಯ ತಪ್ಪು ಎಂದುಕೊಂಡೆ. ಭಾಷೆಯ ಮೇಲೆ ಹಾಕಿದರೆ ಯಾರ ಮೇಲೂ ಹಾಕಿದಂತಲ್ಲ, ನೋಡಿ.

ಮತ್ತೆ ಕಂಬಳಿಗೆ ಬರೋಣ. ಪಾಸ್ಟರ್ ಜೊತೆ ಇನ್ಯಾರೋ ಬಂದಿದ್ದರು. ನನಗೆ ಕಂಬಳಿಯ ಕೆಳಗಿಂದ ಕಾಣುತ್ತಿದ್ದುದು ಅವರ ಎರಡು ಪಾದ ಮಾತ್ರ. ಒಂದು ಕೈ ಬಂದು ತಣ್ಣಗಾದ ಪಾತ್ರೆ ತೆಗೆದು ಬಿಸಿಯದನ್ನು ಇಟ್ಟಿತು. ಕಂಬಳಿಯ ಅಂಚನ್ನು ಸುತ್ತಲೂ ಒತ್ತಿತು. ಪಾಸ್ಟರ್ ಪ್ರಾರ್ಥಿಸಿ, ಆಮೆನ್ ಅಂದು, ಕಾಫಿಗೆ ಎದ್ದರು. ಆ ಪಾದಗಳು ಮಾತ್ರ ಕದಲಲಿಲ್ಲ. ತುಂಬ ಹೊತ್ತು ಅಲ್ಲೇ ಇದ್ದವು. ಒಂದು ಸದ್ದೂ ಇಲ್ಲ.

ಕಂಬಳಿ ಸರಿಸಿ ತಲೆ ಎತ್ತಿದೆ. ಅದೇ ಅಕ್ಕ. ಕಣ್ಣು ಮುಚ್ಚಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ.

"ಅಕ್ಕಾ, ಅವತ್ತು ನಾನು..." ಎಂದು ಶುರು ಮಾಡಿದೆ. ಕೆಮ್ಮು ಬಂತು.

ಅವರು ಕಣ್ಣು ತೆರೆದು, ಕಂಬಳಿಯನ್ನು ಮತ್ತೆ ನನ್ನ ತಲೆಯ ಮೇಲೆ ಎಳೆದು ಹೇಳಿದರು: "ಮಾತಾಡ್ಬ್ಯಾಡಣ್ಣ. ಆವಿ ಆಚೆಗೆ ಹೋಗ್ಬುಡ್ತದೆ."

ಕಾಳಜಿಯೋ? ಚುಚ್ಚುಮಾತೋ? ಕಂಬಳಿಯೊಳಗಿದ್ದವನಿಗೆ ಹೇಳಿದವರ ಮುಖ ಕಾಣುವುದಿಲ್ಲ.

ಅವರು ಹೋದ ಮೇಲೆ ಹೆಂಡತಿ ಅಂದಳು: "ಯಾರ್ ಮನೇಲಿ ಕಾಯ್ಲೆ ಅಂದ್ರೂ ಆವಕ್ಕ ಹೋಯ್ತದೆ. ಯಾರೂ ಕರೀದಿದ್ರೂವೆ. ಊರ್ಗೆಲ್ಲ ಗೊತ್ತು, ನಿಮ್ಗೆ ಗೊತ್ತಿಲ್ವಾ?"

ಗೇಜ್ ನೋಡಿಕೊಂಡು ಕೂತವನಿಗೆ ಏನು ಗೊತ್ತಾಗುತ್ತದೆ?

ಬಾಯ್ಲರ್ ಕೆಲಸಕ್ಕೆ ಬಂದ ಪ್ರತಿ ಹೊಸಬನಿಗೂ ನಾನು ಮೊದಲು ಹೇಳುತ್ತಿದ್ದ ಪಾಠ ಒಂದಿತ್ತು. "ಬೆಳ್ಳಗೆ ಕಾಣ್ತದಲ್ಲ, ಅದು ಆವಿ ಅಲ್ಲ ಕಣ್ಲಾ, ತಣ್ಣಗಾಗ್ತಿರೋ ನೀರು. ನಿಜವಾದ ಆವಿ ಕಣ್ಗೆ ಕಾಣಕಿಲ್ಲ. ಬುಸ್ ಅಂತ ಸದ್ದು ಬಂತಾ, ಎಲ್ಲೋ ಲೀಕಾಗ್ತದೆ ಅಂತ ತಿಳ್ಕೊ." ರಿಟೈರ್ ಆಗುವವರೆಗೂ ಇದನ್ನೇ ಹೇಳಿದೆ. ಭಾನುವಾರ ಚರ್ಚಿನ ಬಾಗಿಲಲ್ಲಿ ಚಪ್ಪಲಿಯ ಜೊತೆ ಆ ಪಾಠವನ್ನೂ ಬಿಟ್ಟು ಒಳಗೆ ಹೋಗುತ್ತಿದ್ದೆ. ದೇವರನ್ನು ಬಾಯ್ಲರಿನವನ ಕಣ್ಣಿಂದ ನೋಡಿದ್ದು ನನ್ನ ತಪ್ಪಲ್ಲ. ಆ ಕಣ್ಣನ್ನಾದರೂ ನೆಟ್ಟಗೆ ಬಿಡಲಿಲ್ಲವಲ್ಲ, ಅದು ತಪ್ಪು.

ಈಗ ಎದೆ ಹಗುರಾಗಿದೆ. ಮಾತು ಬರುತ್ತಿದೆ. ಆ ಅಕ್ಕನ ಮನೆ ಎರಡು ಬೀದಿ ಆಚೆ. ಆದರೂ ನಾನು ಇಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ. ಯಾಕೆ? ಮನೆಮಾತು ಕನ್ನಡವಾದರೂ ಅವರು ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಅಕ್ಷರ ಬರುವುದಿಲ್ಲ. ಕ್ಷಮೆ ಕೇಳಿದಂತೆಯೂ ಆಯಿತು, ಅವರಿಗೆ ತಲುಪದಂತೆಯೂ ಆಯಿತು. ಎಂಥ ಸೇಫ್ಟಿ ವಾಲ್ವ್!

ಅದನ್ನೂ ಮುಚ್ಚಿಬಿಡುತ್ತೇನೆ. ನಮ್ಮ ಸಭೆಯಲ್ಲಿ ಈ ಪತ್ರಿಕೆ ತರಿಸುವವರು ಇದ್ದೀರಿ. ಈ ಭಾನುವಾರ ಕೊನೇ ಬೆಂಚಿನ ಹತ್ತಿರ ನಿಂತು ಇದನ್ನು ಗಟ್ಟಿಯಾಗಿ ಓದಿ. ನಾನು ಪಕ್ಕದಲ್ಲೇ ಇರುತ್ತೇನೆ, ಕೆಮ್ಮುವುದಿಲ್ಲ.

ಅವರ ಹೆಸರು ರೂತಮ್ಮ.