ನರ್ಸಮ್ಮನ ನೋಟ್‌ಬುಕ್ಕಿನಲ್ಲಿ ನನ್ನದೂ ಒಂದು ಪುಟ

ಹೋದ ವರ್ಷ ಯುಗಾದಿ ಮುಗಿದ ವಾರವೇ ನನ್ನ ಮೊಮ್ಮಗಳು ನೀಲಾಳನ್ನು ಧಾರವಾಡದ ಒಂದು ಮಾನಸಿಕ ಆಸ್ಪತ್ರೆಗೆ ಸೇರಿಸಿದೆವು. ಇದನ್ನು ಬರೆಯಬೇಡ ಎಂದವರಿದ್ದಾರೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಬರೆಯುವವಳೇ.

ಕಾಲೇಜು ಬಿಟ್ಟು ಹುಡುಗಿ ಮೊಬೈಲಿನೊಳಗೇ ಮುಳುಗಿದ್ದಳು. ಊಟವಿಲ್ಲ, ನಿದ್ದೆಯಿಲ್ಲ. ಕಸಿದುಕೊಂಡರೆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ವಾರ್ಡಿನಲ್ಲಿ ಅವಳ ಜೊತೆಗಿರಲು ನಾನು ನಮ್ಮೂರು ಮುಗದದಿಂದ ಗಂಟು ಕಟ್ಟಿಕೊಂಡು ಹೋದೆ. ನನ್ನ ಮೈದುನ ಬಸಣ್ಣ ಮಾತ್ರ ಊರಿಗೆಲ್ಲ, "ನೀಲಾ ನವನಗರದಾಗ ಅತ್ತಿ ಮನ್ಯಾಗ ಅದಾಳ" ಎಂದು ಸಾರಿ ಬಂದ.

ಮೂರನೇ ದಿನ ಅವಳ ಅಳು ನೋಡಲಾಗಲಿಲ್ಲ. ನನ್ನ ಮೊಬೈಲನ್ನೇ ರೊಟ್ಟಿಯಲ್ಲಿ ಸುತ್ತಿ ಕೊಟ್ಟುಬಿಟ್ಟೆ. ಅಷ್ಟರಲ್ಲಿ ನರ್ಸಮ್ಮ ಬಂದರು.

"ಆಯಿ, ನಿಮ್ಮ ರೊಟ್ಟಿ ಮಿಣಮಿಣ ಅನ್ನಾಕತ್ತೈತಲ್ರಿ!"

ನನ್ನ ಮುಖ ಇಷ್ಟಾಯಿತು. ಅವರು ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, "ನೀವು ದಿನಾ ಎಷ್ಟೊತ್ತು ನೋಡ್ತೀರಿ?" ಎಂದರು.

"ಬರೇ ಭಜನಿ ಕೇಳ್ತೇನವಾ."

"ಸುಳ್ಳ! ಧಾರಾವಾಹಿ ನೋಡ್ಕೋತ ಪಲ್ಯಾ ತಳಾ ಹತ್ತಿಸಿದ್ದು ಎಷ್ಟ ಸಲ, ಆಯಿ?" ಎಂದಳು ನೀಲಾ. ಒಂದು ತಿಂಗಳಲ್ಲಿ ಅವಳಾಡಿದ ಉದ್ದನೆಯ ಮಾತು ಅದೇ.

ಬರೀ ಕಸಿದುಕೊಂಡರೆ ಇದು ಹೋಗುವುದಿಲ್ಲ ಎಂದ ನರ್ಸಮ್ಮ, ನೋಟ್‌ಬುಕ್ಕಿನಲ್ಲಿ ಅವಳಿಗೊಂದು, ನನಗೊಂದು ಪುಟ ಮಾಡಿದರು. ಮೊಬೈಲು ಬೇಕೆನಿಸಿದಾಗಲೆಲ್ಲ ಮನಸ್ಸಿನಲ್ಲಿ ಏನಿತ್ತೆಂದು ಬರೆಯಬೇಕು. ನನ್ನ ಪುಟದ ತುಂಬ 'ಬ್ಯಾಸರ, ಬ್ಯಾಸರ'. ಐದನೇ ದಿನ ನೀಲಾ ಬರೆದಳು: 'ಪರೀಕ್ಷೆಯಲ್ಲಿ ಫೇಲಾಗಿದ್ದನ್ನು ಮನೆಯಲ್ಲಿ ಹೇಳಿಲ್ಲ.' ಓದಿ ಇಬ್ಬರೂ ಅತ್ತೆವು.

ಅದೇ ಮಧ್ಯಾಹ್ನ ಬಸಣ್ಣ ಬಂದ. "ವೈನಿ, ಸಾಕ, ಹುಡುಗೀನ ಕರಕೊಂಡು ನಡೀರಿ. ಹುಚ್ಚರ ಆಸ್ಪತ್ರಿ ಅಂತ ಗೊತ್ತಾದ್ರ ಮರ್ಯಾದಿ ಏನುಳೀತೈತಿ?"

"ನಾನೂ ಇಲ್ಲಿ ಪೇಶಂಟ್ ಅದೇನಿ, ಬಸಣ್ಣ. ಆರಾಮ ಆದ ಮ್ಯಾಲ ಇಬ್ಬರೂ ಬರ್ತೇವಿ. ಮರ್ಯಾದಿ ಹೊತಗೊಂಡು ನೀ ನಡಿ ಮುಂದ!"

ವಾರ್ಡಿನವರೆಲ್ಲ ನಕ್ಕರು. ನೀಲಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮನೆಗೆ ಬಂದ ಮೇಲೂ ಎರಡು ಸಲ ಮೊಬೈಲಿನ ಗೀಳಿಗೆ ಜಾರಿದಳು. ಮತ್ತೆ ಕರೆದುಕೊಂಡು ಹೋಗಿ ತೋರಿಸಿದೆ. ಮೊನ್ನೆ ಅದೇ ಪರೀಕ್ಷೆಯಲ್ಲಿ ಪಾಸಾದಳು ನೋಡಿ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಣಿಯೆಲ್ಲ ಸಕ್ಕರೆ ಹಂಚುತ್ತ, "ಮಾನಸಿಕ ಆಸ್ಪತ್ರ್ಯಾಗ ಆರಾಮಾಗಿ ಬಂದು ಪಾಸಾಗ್ಯಾಳ್ರಿ ನನ್ನ ಮೊಮ್ಮಗಳು" ಎಂದೇ ಹೇಳಿದೆ. ಕೆಲವರು ಸಕ್ಕರೆ ಇಸಿದುಕೊಂಡು ಮುಖ ತಿರುಗಿಸಿದರು. ತಿರುಗಿಸಲಿ.

ಒಬ್ಬ ಹೆಣ್ಣುಮಗಳು ಮಾತ್ರ ನನ್ನ ಹಿಂದೆಯೇ ಬಂದು ಮೆಲ್ಲಗೆ ಕೇಳಿದಳು: "ಆಯಿ, ಅಲ್ಲಿ ಯಾವ ದಿವಸ ನೋಡ್ತಾರ್ರಿ? ನಮ್ಮ ಮನ್ಯಾಗೂ ಒಬ್ಬರಿಗೆ ತೋರಸಬೇಕಾಗೇತಿ."

ನಾಳೆ ಮುಂಜಾನೆ ಅವರಿಬ್ಬರ ಜೊತೆ ನಾನೂ ಧಾರವಾಡದ ಬಸ್ಸು ಹತ್ತುತ್ತೇನೆ.