ಪಾಳೇಗಾರನಿಗೆ ಕೊಟ್ಟ ನೀರು

ಹುಣಸೆಹಣ್ಣು ಹಾಕಿ ತಾಮ್ರ ತಿಕ್ಕುವ ವಾಸನೆಗೆ ಮುಳಬಾಗಿಲಿನ ನಮ್ಮ ಮನೆಯ ಹಬ್ಬಗಳು ನೆನಪಾಗಬೇಕು. ನನಗೆ ನೆನಪಾಗುವುದು ಒಂದು ಮೀನು. ಅದಕ್ಕೆ ಏನೇನೋ ಆಗಬಹುದಿತ್ತು. ಬೆಕ್ಕು ಅದರ ಗಾಜಿನ ಭರಣಿಯೊಳಗೆ ಕೈ ಹಾಕಬಹುದಿತ್ತು. ಕಿಟಕಿಯಿಂದ ಕಾಗೆ ನುಗ್ಗಬಹುದಿತ್ತು. ಬಿಸಿಲಿಗೆ ಗಾಜು ಬಿರಿಯಬಹುದಿತ್ತು, ಚಿಕ್ಕಪ್ಪ ನಶ್ಯದ ಬೆರಳನ್ನು ಅದರಲ್ಲೇ ಅದ್ದಬಹುದಿತ್ತು, ನಾನು ಹಿಡಿದು ತಂದು ಹಾಕುವ ಸೊಳ್ಳೆಮರಿಗಳ ಜೊತೆ ಯಾವುದೋ ಕೆಟ್ಟ ಹುಳು ಸೇರಿಕೊಳ್ಳಬಹುದಿತ್ತು. ಎಂಟು ವರ್ಷದ ನಾನು ದಿನಾ ಬೆಳಿಗ್ಗೆ ಇವಷ್ಟಕ್ಕೂ ಒಂದೊಂದಾಗಿ ಹೆದರಿ ಮುಗಿಸಿ ಆಮೇಲೆ ಶಾಲೆಗೆ ಹೋಗುತ್ತಿದ್ದೆ. ಈಗ ಐವತ್ತಾಗುತ್ತ ಬಂತು. ಹೆದರಿಕೆಗಳು ಬದಲಾಗಿವೆ, ಅಭ್ಯಾಸ ಹಾಗೇ ಇದೆ.

ಮೀನನ್ನು ತಂದುಕೊಟ್ಟವರು ನಮ್ಮ ಬೀದಿಯಲ್ಲಿ ಅತ್ತರು ಮಾರುತ್ತಿದ್ದ ಖಾದರ್ ಸಾಬರು. ಪೆನಾಂಗಿನ ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಬಾಮೈದ ಮದ್ರಾಸಿನಲ್ಲಿ ಇಳಿದಾಗ ಕೊಟ್ಟದ್ದಂತೆ. ಕಿರುಬೆರಳಿನಷ್ಟು ಉದ್ದ, ದಾಸವಾಳದ ಕೆಂಪು. ಬಾಲ ಸೀರೆಯ ನೆರಿಗೆಯ ಹಾಗೆ ನೀರಿನಲ್ಲಿ ಅಲೆಯುತ್ತಿತ್ತು. “ಇದ್ರ ಜೊತೆ ಇನ್ನೊಂದು ಬಿಡ್ಬೇಡಮ್ಮ, ಕಚ್ಚಾಡಿ ಸಾಯ್ತವೆ. ಒಂಟಿ ನವಾಬ ಇದು,” ಎಂದು ಭರಣಿಯನ್ನು ನನ್ನ ಕೈಗಿಟ್ಟರು. ಕನ್ನಡಿ ತೋರಿಸಿದರೆ ಕಿವಿರು ಅಗಲಿಸಿ ತನ್ನ ಮೇಲೆ ತಾನೇ ದಂಡೆತ್ತಿ ಹೋಗುತ್ತಿತ್ತು. ಅದಕ್ಕೇ ನಾವು ಪಾಳೇಗಾರ ಎಂದು ಹೆಸರಿಟ್ಟೆವು.

ಅಜ್ಜಿಗೆ ಮಾತ್ರ ಅದು ಮೀನು, ಅಷ್ಟೆ. ಈರುಳ್ಳಿಯೂ ದಾಟದ ಹೊಸ್ತಿಲನ್ನು ಅದು ದಾಟಿ ಬಂದಿತ್ತು. ಅಡುಗೆಮನೆಯ ಗಾಳಿ ಸೋಕದಂತೆ ಭರಣಿಯನ್ನು ಪಡಸಾಲೆಯ ಕಿಟಕಿಯಲ್ಲಿಡಿಸಿದಳು. ಮುಟ್ಟಿ ಬಂದರೆ ನಾನು ಕೈಕಾಲು ತೊಳೆದೇ ಒಳಗೆ ಹೋಗಬೇಕು. ಆದರೆ ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಅವಳು ಬತ್ತಿ ಹೊಸೆಯಲು ಕೂರುವ ಜಾಗ ದಿನಕ್ಕೊಂದು ಗೇಣು ಆ ಕಿಟಕಿಯ ಕಡೆಗೆ ಸರಿಯುತ್ತ ಬಂತು. ಅಜ್ಜಿಗೆ ಮುದ್ದು ಬಂದರೆ ಮಾತು ತೆಲುಗಿಗೆ ಹೊರಳುತ್ತಿತ್ತು. ಒಂದು ದಿನ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ: ಊಟವಾಯಿತೇ ದೊರೆ ಎಂದು ಪಾಳೇಗಾರನನ್ನು ತೆಲುಗಿನಲ್ಲಿ ವಿಚಾರಿಸುತ್ತಿದ್ದಳು.

ಯುಗಾದಿಯ ಬೆಳಿಗ್ಗೆ ಭರಣಿಯ ನೀರು ಬದಲಿಸಲು ನಾನು ಬಚ್ಚಲ ತೊಟ್ಟಿಯ ಕಡೆಗೆ ಹೊರಟೆ. ಅಜ್ಜಿ ತಡೆದಳು. “ಹಬ್ಬದ ದಿನ ಅದಕ್ಯಾಕೆ ಬಚ್ಚಲ ನೀರು? ಇರು ಕಣೇ.” ಹುಣಸೆಹಣ್ಣು ಹಾಕಿ ಬಂಗಾರದಂತೆ ಬೆಳಗಿ, ಹಿಂದಿನ ಸಂಜೆಯೇ ನೀರು ತುಂಬಿಟ್ಟಿದ್ದ ತಾಮ್ರದ ಕೊಡ ಅಡುಗೆಮನೆಯಲ್ಲಿತ್ತು. ಅದನ್ನು ನಾವು ಮಕ್ಕಳೂ ಮುಟ್ಟುವಂತಿರಲಿಲ್ಲ. ಮಡಿಯುಟ್ಟ ಅಜ್ಜಿ ಆ ನೀರನ್ನು ತಾನೇ ತಂದು ಭರಣಿಗೆ ಹೊಯ್ದು, “ನಾವು ಕುಡಿಯೋದನ್ನೇ ಕುಡೀಲಿ ಬಿಡು,” ಎಂದಳು. ಅಂದು ಒಂದು ದಿನ ನಾನು ಯಾವುದಕ್ಕೂ ಹೆದರಲಿಲ್ಲ.

ಹೋಳಿಗೆ ಬಡಿಸುವ ಹೊತ್ತಿಗೆ ಪಾಳೇಗಾರ ಅಡ್ಡ ಮಲಗಿ, ನೀರಿನ ಮೇಲೆ ಬಾಯಿ ಇಟ್ಟು ಏದುತ್ತಿದ್ದ. ದೀಪ ಹಚ್ಚುವಾಗ ತಳದಲ್ಲಿದ್ದ, ನೆರಿಗೆ ಮಡಿಸಿ. ಹವಾ ಒಗ್ಗಲಿಲ್ಲ ಎಂದರು ಚಿಕ್ಕಪ್ಪ. ನಜರ್ ಆಗಿದೆ ಎಂದರು ಖಾದರ್ ಸಾಬರು. ಕನಕಾಂಬರದ ಬುಡದಲ್ಲಿ ಮಣ್ಣು ಮಾಡಿ ಬಂದಾಗ ಅಜ್ಜಿ ನನ್ನನ್ನು ಹತ್ತಿರ ಕರೆದು ಮೆಲ್ಲಗೆ, “ಬಂದ ದಿನ ‘ಈ ಪೀಡೆ ಯಾವಾಗ ತೊಲಗುತ್ತೋ’ ಅಂದಿದ್ದೆ ಕಣೇ. ಅದೇ ತಟ್ಟಿರ್ಬೇಕು,” ಎಂದಳು. ನಾನು ತಪ್ಪನ್ನು ಬೆಕ್ಕಿನ ಮೇಲೆ ಹೊರಿಸಿದೆ. ಅವಳು ನಂಬಲಿಲ್ಲ. ಆಮೇಲೆ ಸಾಯುವವರೆಗೂ ಅಜ್ಜಿ ಒಂದು ಹಲ್ಲಿಯನ್ನೂ ಪೀಡೆ ಎನ್ನಲಿಲ್ಲ.

ಆ ಮನೆಯಿದ್ದಲ್ಲಿ ಈಗ ಸೌದೆ ಡಿಪೋ ಇದೆ. ಕನಕಾಂಬರದ ಜಾಗ ಯಾವುದೆಂದು ನನಗೂ ಗೊತ್ತಾಗುವುದಿಲ್ಲ. ಮೊನ್ನೆ ನನ್ನ ಮಗ ಮೀನು ಕೊಂಡು ತಂದಾಗ ಮಾರಿದವನು ಒಂದು ಮಾತು ಹೇಳಿ ಕಳಿಸಿದ್ದ: ತಾಮ್ರದ ಪಾತ್ರೆಯಲ್ಲಿಟ್ಟ ನೀರು ಮಾತ್ರ ಹಾಕಬೇಡಿ, ಮೀನಿಗೆ ವಿಷ. ತಾಮ್ರದ ಚೊಂಬು ತಿಕ್ಕಲು ಕೈಯಲ್ಲಿ ಹುಣಸೆಹಣ್ಣು ಹಿಡಿದಿದ್ದವಳು ಹಾಗೇ ಕುಳಿತುಬಿಟ್ಟೆ. ನಿನ್ನ ಮಾತು ತಟ್ಟಲಿಲ್ಲ ಅಜ್ಜಿ ಎಂದು ಹೇಳಲು ಅವಳಿಲ್ಲ; ಹೇಳಿದರೆ ಮಿಕ್ಕದ್ದನ್ನೂ ಹೇಳಬೇಕಾಗುತ್ತಿತ್ತು. ಬೆಕ್ಕು ಬರಲಿಲ್ಲ, ಕಾಗೆ ನುಗ್ಗಲಿಲ್ಲ, ಗಾಜು ಬಿರಿಯಲಿಲ್ಲ. ಆದದ್ದು ಇಷ್ಟೆ: ಅಜ್ಜಿ ಅದನ್ನು ಮನೆಯವರಲ್ಲಿ ಒಬ್ಬನೆಂದು ಎಣಿಸಿ, ತನ್ನ ಕೈಯಾರೆ ಒಂದಿಷ್ಟು ನೀರು ಕೊಟ್ಟಳು.