ಕಥೆಯೊಳಗಿನ ಹೆಂಗಸಿಗೆ ಒಂದು ಲೋಟ

ನಿನ್ನೆ ಈ ಬ್ಲಾಗ್ ಪುಟದಲ್ಲಿ ನಾನು ಹಾಕಿದ್ದ ಕಥೆಯನ್ನು ಇವತ್ತು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಗಣಿತದ ಸರ್ ಎಲ್ಲರಿಗೂ ಕೇಳುವಂತೆ ಓದಿಬಿಟ್ಟರು, ಗೆಳೆಯರೇ. ಮೂರನೇ ತಿಂಗಳಲ್ಲಿ ಗರ್ಭ ಕಳೆದುಕೊಂಡವಳೊಬ್ಬಳು, ಯಾರಿಗೂ ಹೇಳದೆ, ಮರುದಿನವೇ ಸಿರುಗುಪ್ಪ ಬಸ್ಸು ಹತ್ತಿ ಕೆಲಸಕ್ಕೆ ಹೋಗುವ ಕಥೆ. "ನಾನು" ಎಂದೇ ಬರೆದಿದ್ದೆ.

ಓದಿ ಮುಗಿಸಿ, "ಮೇಡಂ, ಇದು ನಿಮ್ದ ಏನ್ರಿ?" ಎಂದರು.

"ಬರೇ ಕಥಿ ರೀ ಸರ್. ನನ್ನ ಸ್ವಂತದ್ದು ಬರ್ಕೊಳ್ಳಾಕ ಬ್ಯಾರೆ ಬ್ಲಾಗ್ ಐತಿ. ಅದಕ್ಕ ಪಾಸ್‌ವರ್ಡ್ ಐತಿ," ಎಂದೆ, ಸಿಟ್ಟಿನಿಂದಲೇ. ಹೋದ ತಿಂಗಳು ಕೊಲೆಯ ಕಥೆ ಬರೆದಾಗ ಇವರು ಪೊಲೀಸರಿಗೇನೂ ಫೋನ್ ಮಾಡಿರಲಿಲ್ಲ.

ಬಿಸಿಯೂಟದ ಅಡುಗೆಯ ಹುಲಿಗೆಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಕ್ಕಳ ಊಟ ಮುಗಿದ ಮೇಲೆ ಒಂದು ಲೋಟ ತಂದು ನನ್ನ ಮುಂದಿಟ್ಟರು. ಅಜವಾನ, ಶುಂಠಿ, ಬೆಲ್ಲ ಹಾಕಿ ಕುದಿಸಿದ ನೀರು. ಬಾಣಂತಿಯರಿಗೆ ಕೊಡುವಂಥದ್ದು.

"ಹುಲಿಗೆಮ್ಮ, ಅದು ಕಥಿ ಅಂತ ಹೇಳಿದ್ನಲ್ಲ."

"ಹೂನ್ರಿ ಅಕ್ಕೋರ, ಕೇಳೀನಿ. ಆಕಿ ಯಾರಿಗೂ ಹೇಳಿಲ್ಲಂದ ಮ್ಯಾಲೆ ಆಕಿಗೆ ಯಾರು ಕಾಸಿ ಕೊಟ್ಟಾರು? ತಗೊಳ್ರಿ, ಆಕಿಗೆ ಕೊಡ್ರಿ."

ಅಷ್ಟು ಹೇಳಿ ಪಾತ್ರೆ ತೊಳೆಯಲು ಹೋದರು.

ಇಲ್ಲಿ ಬರುವುದೆಲ್ಲ ಕಲ್ಪನೆ ಎಂದು ಈ ಪುಟದ ಮೇಲೆಯೇ ಬರೆದಿದ್ದೇನೆ. ಅದನ್ನು ಬದಲಿಸುವುದಿಲ್ಲ. ಆದರೆ ವಾಪಸು ಕೊಡುವಾಗ ಲೋಟ ಖಾಲಿಯಾಗಿತ್ತು.